ಸುಟ್ಟ ಮಾಂಸವಷ್ಟೇ ಕೊರಿಯಾದ ಊಟವಲ್ಲ

ಮಾನ್ಯ ಸಂಪಾದಕರೇ,

ಕೊರಿಯಾದ ಅಡುಗೆಯ ಕುರಿತ ಬರಹಗಳು ಕೆಂಡದ ಮೇಲೆ ಬೇಯುವ ಮಾಂಸವನ್ನು ದಾಟಿ ಮುಂದೆ ಹೋಗುವುದೇ ಅಪರೂಪ. ಬೇಯಿಸಿದ ಸೋಯಾ ಅವರೆಯನ್ನು ಕುಟ್ಟಿ, ಇಟ್ಟಿಗೆಯಂತೆ ಕಟ್ಟಿ ಒಣಗಿಸಿ, ಹುದುಗು ಬಂದ ಮೇಲೆ ಉಪ್ಪುನೀರಿನ ಜಾಡಿಗಳಲ್ಲಿ ನೆನೆಯಿಟ್ಟು, ದ್ರವವನ್ನು ಸೋಯಾ ಸಾಸ್ ಆಗಿಯೂ ಉಳಿದ ಗಟ್ಟಿಯನ್ನು ದ್ವೆನ್‌ಜಾಂಗ್ ಎಂಬ ಸೋಯಾ ಪೇಸ್ಟ್ ಆಗಿಯೂ ಮಾಗಿಸುವ ವಿದ್ಯೆಯೇ ಆ ಅಡುಗೆಯ ತಳಹದಿ. 2024ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಬೌದ್ಧ ವಿಹಾರಗಳ ಊಟದಲ್ಲಿ ಮಾಂಸ, ಮೀನಿನ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿಯೂ ವರ್ಜ್ಯ (ನಮ್ಮ ಮಡಿಯ ಅಡುಗೆಮನೆಗಳಿಗೆ ಇದು ಹೊಸತೇನಲ್ಲ). ಆದರೆ ತರಕಾರಿಯನ್ನು ಹುದುಗಿಸಿ ಮಾಡುವ ಕಿಮ್ಚಿಯನ್ನು ಸಸ್ಯಾಹಾರವೆಂದು ಕಣ್ಣುಮುಚ್ಚಿ ನಂಬುವಂತಿಲ್ಲ; ಅದರಲ್ಲಿ ಸಾಮಾನ್ಯವಾಗಿ ಉಪ್ಪಿನಲ್ಲಿ ಹುದುಗಿಸಿದ ಸೀಗಡಿ ಅಥವಾ ಮೀನು ಸೇರಿರುತ್ತದೆ. ಇಂತಹ ವಿವರಗಳಿಗೂ ತಮ್ಮ ಆಹಾರ ಪುಟದಲ್ಲಿ ಸ್ಥಳ ದೊರೆಯಲೆಂದು ಕೋರುತ್ತೇನೆ.

– ಓರ್ವ ಓದುಗ, ಬೆಂಗಳೂರು