ಮನೆಗೆ ಲ್ಯಾಪ್‌ಟಾಪ್ ಬಂತು, ಓಣಿ ಬರಲಿಲ್ಲ: ಗೆಳೆಯನಿಗೊಂದು ಪತ್ರ

ವಿಜಯಪುರ
14 ಜೂನ್ 2021

ದೋಸ್ತಾ,

ನಿನ್ನ ಪತ್ರ ಮುಟ್ಟಿತು. ನಿನ್ನ ತಂಡದಲ್ಲಿ ನೀನೂ ಸೇರಿ ಹನ್ನೆರಡು ಮಂದಿ, ಎಲ್ಲರೂ ಮನೆಯಿಂದಲೇ ಕೆಲಸ. ಬೆಳಗಾವಿ, ಖಾನಾಪುರ, ಗೋಕಾಕ, ಜಮಖಂಡಿ, ಇಳಕಲ್ಲ, ಇಂಡಿ ಅಂತ ದಿಕ್ಕಾಪಾಲಾಗಿ ಕೂತಿದ್ದಾರೆ. ಅವರಲ್ಲಿ ನಾಲ್ವರು ಲಾಕ್‌ಡೌನ್ ನಡುವೆಯೇ ಕೆಲಸಕ್ಕೆ ಸೇರಿದವರು, ಯಾರ ಮುಖವನ್ನೂ ಎದುರಿಗೆ ಕಂಡಿಲ್ಲ. ಕೆಲಸ ನಿಂತಿಲ್ಲ, ಆದರೆ "ಯಾರಿಗೆ ಯಾರೂ ಏನೂ ಅಲ್ಲ ಅನ್ನೂ ಹಂಗ ಆಗೇದ" ಎಂದು ಬರೆದಿದ್ದಿ. ಶುಕ್ರವಾರ ಸಂಜೆಯ ವಿಡಿಯೋ ಆಟಕ್ಕೆ ಮೊದಲ ವಾರ ಎಲ್ಲರೂ ಬಂದರು, ಐದನೇ ವಾರಕ್ಕೆ ನಾಲ್ವರು ಉಳಿದರು, ಯಾಕೆ ಅಂತ ಕೇಳಿದ್ದಿ.

ನೀನು ಬಾಗಲಕೋಟೆಯವನು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರು ಬಂದಾಗ ಮುಳುಗಡೆ ಮಂದಿಗೆ ನವನಗರದಲ್ಲಿ ಸೆಕ್ಟರ್ ಸಿಕ್ಕಿತು, ಪ್ಲಾಟ್ ನಂಬರ್ ಸಿಕ್ಕಿತು. ಓಣಿ ಮಾತ್ರ ಸಿಗಲಿಲ್ಲ. ಮನೆಯಿಂದ ಕೆಲಸ ಶುರುವಾದಾಗ ಕಂಪನಿಗಳು ಮಾಡಿದ್ದೂ ಅದನ್ನೇ: ಲ್ಯಾಪ್‌ಟಾಪ್ ಕಳಿಸಿದರು, ಪಾಸ್‌ವರ್ಡ್ ಕೊಟ್ಟರು, ಮೀಟಿಂಗ್ ಇಟ್ಟರು. ಚಹಾಕ್ಕೆ ಏಳುವಾಗ ಪಕ್ಕದವನ ಹೆಗಲು ತಟ್ಟುವ ಆ ಅರ್ಧ ನಿಮಿಷ ಯಾವ ಪಾರ್ಸಲ್ಲಿನಲ್ಲೂ ಬರಲಿಲ್ಲ. ಆಫೀಸಿನಲ್ಲಿ ಅದು ಪುಕ್ಕಟೆ ಆಗುತ್ತಿತ್ತು, ಯಾರೂ ಏರ್ಪಾಡು ಮಾಡಬೇಕಿರಲಿಲ್ಲ. ಈಗ ಏರ್ಪಾಡು ಮಾಡಬೇಕು, ಅದೂ ಆಫೀಸಿನ ಹೊತ್ತಿನಲ್ಲೇ.

ಶುಕ್ರವಾರದ ಆಟದ ಲೆಕ್ಕ ಹಾಕಿ ನೋಡು. 45 ನಿಮಿಷ, 12 ಮಂದಿ. ಎಲ್ಲರೂ ಸಮನಾಗಿ ಮಾತಾಡಿದರೂ ಒಬ್ಬರ ಪಾಲಿಗೆ ನಾಲ್ಕು ನಿಮಿಷ ಪೂರಾ ಬರುವುದಿಲ್ಲ. ಸಮನಾಗಿಯಂತೂ ಯಾರೂ ಮಾತಾಡುವುದಿಲ್ಲ, ಬಾಯಿ ಇದ್ದ ಮೂವರು ಮಾತಾಡುತ್ತಾರೆ, ಉಳಿದವರು ನಕ್ಕ ಹಾಗೆ ಮಾಡುತ್ತಾರೆ. ಅದೇ ಇಬ್ಬರು 20 ನಿಮಿಷ ಮಾತಾಡಿದರೆ ಒಬ್ಬರಿಗೆ 10 ನಿಮಿಷ. ಮೇಲಾಗಿ ಸಂಜೆ ಆರು ಅಂದರೆ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುವ ಹೊತ್ತು. ಆ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿ ನಗುತ್ತ ಕೂತ ಸೊಸೆಗೆ ಮನೆಯಲ್ಲಿ ಏನು ಮಾತು ಬರುತ್ತದೆ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಆ ಆಟ ನಿಲ್ಲಿಸಿಬಿಡು.

ಅದರ ಬದಲು ಜೋಡಿ ಕರೆ ಇಡು. ವಾರಕ್ಕೊಂದು ಸಲ, ಇಬ್ಬಿಬ್ಬರು, 20 ನಿಮಿಷ, ಬರೀ ದನಿ. 12 ಮಂದಿಯಲ್ಲಿ 66 ಜೋಡಿ ಆಗುತ್ತವೆ, ವಾರಕ್ಕೆ ಆರರಂತೆ 11 ವಾರಕ್ಕೆ ಎಲ್ಲರೂ ಎಲ್ಲರ ಜೊತೆ ಒಮ್ಮೆ ಮಾತಾಡಿ ಮುಗಿಯುತ್ತದೆ. ಬರುವ ಸೋಮವಾರ, 21ಕ್ಕೆ ಶುರು ಮಾಡಿದರೆ ಗಣೇಶ ಚೌತಿಗೆ ಮೊದಲೇ ಒಂದು ಸುತ್ತು ತೀರುತ್ತದೆ.

ಪಟ್ಟಿ ಮಾಡುವುದು ಕಬಡ್ಡಿ ಟೂರ್ನಮೆಂಟಿನ ಲೀಗ್ ಪಂದ್ಯ ಹಾಕಿದ ಹಾಗೆ. ಹಾಳೆಯ ಮೇಲಿನ ಸಾಲಿನಲ್ಲಿ ಎಡದಿಂದ 1, 2, 3, 4, 5, 6 ಬರೆ. ಕೆಳಗಿನ ಸಾಲಿನಲ್ಲಿ ಎಡದಿಂದ 12, 11, 10, 9, 8, 7. ಮೇಲೆ-ಕೆಳಗೆ ಎದುರು ಬಂದವರು ಆ ವಾರದ ಜೋಡಿ. ಮುಂದಿನ ವಾರ 1ನ್ನು ಅಲುಗಾಡಿಸದೆ ಉಳಿದವರನ್ನೆಲ್ಲ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಒಂದೊಂದು ಮನೆ ಸರಿಸು. ಆಗ ಮೇಲಿನ ಸಾಲು 1, 12, 2, 3, 4, 5 ಆಗುತ್ತದೆ, ಕೆಳಗಿನದು 11, 10, 9, 8, 7, 6. ಹೀಗೆ 11 ಸಲ. ಯಾರಾದರೂ ಕೆಲಸ ಬಿಟ್ಟರೆ ಅವರ ಜಾಗದಲ್ಲಿ "ಖಾಲಿ" ಅಂತ ಬರೆ, ಖಾಲಿಯ ಎದುರು ಬಂದವರಿಗೆ ಆ ವಾರ ಬಿಡುವು. 1ನೇ ನಂಬರು ನೀನೇ ಆಗು.

ಇಲ್ಲಿ ಕೆಡುವುದು ಒಂದೇ ಕಡೆ: ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆದಿರುವುದಿಲ್ಲ. ಅವರೇ ಮಾಡುತ್ತಾರೆ ಅಂತ ಇಬ್ಬರೂ ಕಾಯುತ್ತಾರೆ, ವಾರ ಕಳೆಯುತ್ತದೆ, ಆಮೇಲೆ ಸಂಕೋಚ. ಮೇಲಿನ ಸಾಲಿನವರೇ ಮಾಡಬೇಕು ಅಂತ ನಿಯಮ ಇಡು. ಮಾಡುವ ಮುಂಚೆ ಒಂದು ಮೆಸೇಜು: "ಈಗ ಮಾತಾಡಾಕ ಆಗ್ತದೇನ್ರಿ, ಇಲ್ಲಾ ನಾಳಿಗೆ ಮಾಡ್ಲ್ಯಾ?" ಹೊತ್ತು ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ಒಳಗೆ ಅಥವಾ ಮುಂಜಾನೆ ಹನ್ನೊಂದೂವರೆ ಸುಮಾರಿಗೆ, ಮಂಗಳವಾರದಿಂದ ಗುರುವಾರದ ಒಳಗೆ. ಅದಕ್ಕೂ ಮೊದಲು ಎಲ್ಲರನ್ನೂ ಕೇಳು. ಮನೆಯಲ್ಲಿ ಒಂದೇ ಫೋನಿದ್ದು ಮಕ್ಕಳ ಆನ್‌ಲೈನ್ ಕ್ಲಾಸೂ ಅದರಲ್ಲೇ ನಡೆದಿದ್ದರೆ ಆ ಹೊತ್ತು ಬಿಡಬೇಕು. ಕ್ಯಾಲೆಂಡರಿನಲ್ಲಿ ಇದನ್ನು ಕೆಲಸ ಅಂತಲೇ ಗುರುತು ಹಾಕು. ಇಲ್ಲದಿದ್ದರೆ ತುರ್ತು ಕೆಲಸ ಬಂದಾಗ ಮೊದಲು ಬಲಿಯಾಗುವುದು ಇದೇ.

ಇನ್ನೊಂದು ಮಾತನ್ನು ಗಂಡಸರು ಮರೆಯುತ್ತಾರೆ. ಎಂದೂ ನೋಡದ ಸಹೋದ್ಯೋಗಿಗೆ ತನ್ನ ಸ್ವಂತ ನಂಬರ್ ಕೊಡಲು ಹೆಣ್ಣುಮಕ್ಕಳಿಗೆ ಮನಸ್ಸಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆಫೀಸಿನ ಆ್ಯಪಿನಲ್ಲೇ ದನಿ ಕರೆ ಮಾಡುವ ದಾರಿ ಎಲ್ಲರಿಗೂ ಇಡು. ಯಾವ ಜೋಡಿಯಾದರೂ ಬೇಡ ಅನಿಸಿದರೆ ಕಾರಣ ಹೇಳದೆ ಬಿಡಬಹುದು, ತಂಡದ ಹಿರಿಯ ಹೆಣ್ಣುಮಗಳೊಬ್ಬರಿಗೆ ತಿಳಿಸಿದರೆ ಸಾಕು.

ದನಿ ಮಾತ್ರ ಸಾಕು ಅಂದದ್ದು ಜಿಪುಣತನಕ್ಕಲ್ಲ. ವಿಡಿಯೋ ಯಾಕೆ ದಣಿಸುತ್ತದೆ ಅನ್ನುವುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರ ಫೆಬ್ರುವರಿಯಲ್ಲಿ ನಾಲ್ಕು ಕಾರಣ ಬರೆದಿದ್ದಾರೆ: ತೀರಾ ಹತ್ತಿರದಿಂದ ಎಲ್ಲರೂ ದಿಟ್ಟಿಸಿದಂತೆ ಕಾಣುವುದು, ಇಡೀ ಹೊತ್ತು ತನ್ನ ಮುಖ ತಾನೇ ನೋಡಬೇಕಾಗುವುದು, ಕ್ಯಾಮೆರಾ ಮುಂದೆ ಅಲುಗಾಡದೆ ಕೂರಬೇಕಾಗುವುದು, ತಲೆಯಾಡಿಸುವ-ಕೈ ತೋರಿಸುವ ಸನ್ನೆಗಳನ್ನು ಬೇಕೆಂದೇ ದೊಡ್ಡದಾಗಿ ಮಾಡಬೇಕಾಗುವುದು. ನಮ್ಮ ಕಡೆ ಐದನೆಯದೊಂದಿದೆ, ಮನೆ. ಪಡಸಾಲೆಯಲ್ಲಿ ಹಾಸಿಗೆ ಹಿಡಿದ ಅಜ್ಜ, ಒಂದೇ ಫ್ಯಾನು, ಹಿಂದೆ ಜೋಳದ ಚೀಲ. ಇದನ್ನೆಲ್ಲ ಆಫೀಸಿಗೆ ತೋರಿಸುವ ಹಂಗು ಯಾರಿಗೂ ಬೇಡ. ವಿಡಿಯೋ ಬೇಕೇ ಬೇಕಾದ ಮೀಟಿಂಗಿನಲ್ಲೂ ತಮ್ಮ ಮುಖ ತಮಗೆ ಕಾಣದಂತೆ ಮಾಡುವ ಆಯ್ಕೆಯನ್ನು ಎಲ್ಲರಿಗೂ ಒಮ್ಮೆ ತೋರಿಸಿಕೊಡು, ದಣಿವು ಕೊಂಚ ಇಳಿಯಬಹುದು. ಇನ್ನು ಡೇಟಾ. ಗುಂಪಿನ ವಿಡಿಯೋ ಕರೆ ತಾಸಿಗೆ ಸುಮಾರು 1 ಜಿಬಿ ನುಂಗುತ್ತದೆ, ದನಿಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಮನೆ ನಡೆಸುವವರಿಗೆ ನಿನ್ನ ಶುಕ್ರವಾರದ ಆಟ ಅಂದರೆ ಮಕ್ಕಳ ಕ್ಲಾಸಿಗೆ ಕತ್ತರಿ. ಬರೀ ದನಿಯಾದರೆ ಹಿತ್ತಲಲ್ಲಿ ಅಡ್ಡಾಡುತ್ತ, ಕರೆಂಟ್ ಹೋದಾಗ ಮಾಳಿಗೆ ಏರಿಯೂ ಮಾತಾಡಬಹುದು.

ಏನು ಮಾತಾಡಬೇಕು? ಮೊದಲ ಎರಡು ನಿಮಿಷ ಊಟ, ಮಳೆ. ಆಮೇಲೆ ಸುಮ್ಮನಾಗುತ್ತಾರೆ, ಸುಮ್ಮನಾದಾಗ ಕೆಲಸದ ಮಾತು ನುಗ್ಗುತ್ತದೆ. ಅದಕ್ಕೇ ಕೈಯಲ್ಲೊಂದು ಚೀಟಿ ಇರಲಿ. 1997ರಲ್ಲಿ ಆರ್ಥರ್ ಆ್ಯರನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರೊಡನೆ ಒಂದು ಪ್ರಯೋಗ ಪ್ರಕಟಿಸಿದರು. ಗುರುತಿಲ್ಲದ ಇಬ್ಬರಿಗೆ 36 ಪ್ರಶ್ನೆ, 12ರಂತೆ ಮೂರು ಕಂತು, 45 ನಿಮಿಷ. ಬರೀ ಹರಟೆ ಹೊಡೆದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ಆ ಪ್ರಶ್ನೆಗಳನ್ನೇ ಎತ್ತಿಕೊಳ್ಳಬೇಡ, ಆಫೀಸಿಗೆ ಅವು ಭಾರ. ಅದರ ಹದ ಮಾತ್ರ ತಗೋ: ಹಗುರದಿಂದ ಮೆಲ್ಲಗೆ ಆಳಕ್ಕೆ ಇಳಿಯಬೇಕು, ಪ್ರತಿ ಪ್ರಶ್ನೆಗೂ ಇಬ್ಬರೂ ಉತ್ತರ ಕೊಡಬೇಕು. ಒಬ್ಬರೇ ಕೇಳಿ ಇನ್ನೊಬ್ಬರೇ ಹೇಳಿದರೆ ಅದು ಇಂಟರ್‌ವ್ಯೂ ಆಗುತ್ತದೆ.

20 ನಿಮಿಷಕ್ಕೆ ಮೂರು ಸಾಕು. ಮೊದಲನೆಯದು "ನೀವು ಕುಂತು ಕೆಲಸ ಮಾಡೂ ಜಾಗಾ ಎಂಥಾದ್ರಿ, ಕಿಟಕ್ಯಾಗಿಂದ ಏನ್ ಕಾಣಸ್ತದ?" ಎರಡನೆಯದು "ಯಾವ ಕೆಲಸ ಹಿಡದ್ರ ಹೊತ್ತು ಹೋಗಿದ್ದು ಗೊತ್ತಾಗೂದಿಲ್ಲ?" ಮೂರನೆಯದು "ಈ ವರ್ಷ ಯಾರಿಗೆ ಫೋನ್ ಮಾಡಬೇಕಂತ ಅನ್ಕೊಂಡು ಮಾಡದಽ ಉಳದೀರಿ?" ಮೂರನೆಯದಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ ಅಂತ ಚೀಟಿಯಲ್ಲೇ ಬರೆದಿರಲಿ. ಕೇಳಬಾರದ್ದನ್ನೂ ಬರೆ: ಪಗಾರ, ಮದುವೆ, ಮಕ್ಕಳು ಯಾಕಿಲ್ಲ, ಲಸಿಕೆ ಯಾಕೆ ಹಾಕಿಸಿಲ್ಲ. ಅಡ್ಡಹೆಸರನ್ನೂ, ಅಂದರೆ ಮನೆತನದ ಹೆಸರನ್ನೂ, ಸೇರಿಸು. "ನಿಮ್ಮ ಅಡ್ಡಹೆಸರು ಏನ್ರಿ?" ಅಂತ ನಮ್ಮ ಕಡೆ ಕೇಳುವುದು ಹೆಸರಿಗಲ್ಲ, ಜಾತಿಗೆ. ಕೇಳಿಸಿಕೊಂಡವರು ಅಲ್ಲಿಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಭಾಷೆಗಂತೂ ಕಟ್ಟು ಹಾಕಬೇಡ. ಬೆಳಗಾವಿಯ ಇಬ್ಬರು ಮರಾಠಿಗೆ ಹೊರಳಿದರೆ ಹೊರಳಲಿ.

ನಿನ್ನ ಸರದಿ ಬಂದಾಗ ಕೆಲಸದ ಒಂದು ಅಕ್ಷರವನ್ನೂ ಎತ್ತಬೇಡ. "ಅಂದಂಗ ಆ ಫೈಲ್ ಏನಾತು?" ಅಂತ ಒಮ್ಮೆ ಅಂದರೆ ಮುಗಿಯಿತು, ಮುಂದಿನ ವಾರದಿಂದ ಎಲ್ಲರೂ ನಿನ್ನ ಕರೆಗೆ ವರದಿ ಹಿಡಿದು ಕೂರುತ್ತಾರೆ.

ಆದರೆ ಒಂದು ಸುತ್ತಿಗೆ ಗೆಳೆತನ ಆಗುವುದಿಲ್ಲ, ಆ ಭ್ರಮೆ ಬೇಡ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದಂತೆ ಬರೀ ಪರಿಚಯ ಸಲಿಗೆಯಾಗಲು ಸುಮಾರು 50 ತಾಸು ಬೇಕು, ಗೆಳೆತನಕ್ಕೆ 90, ಜೀವದ ಗೆಳೆತನಕ್ಕೆ 200ರ ಮೇಲೆ. ನಿನ್ನ ಒಂದು ಸುತ್ತಿನಲ್ಲಿ ಒಂದು ಜೋಡಿಗೆ ಸಿಗುವುದು 20 ನಿಮಿಷ. ಅದರಿಂದ ಆಗುವುದು ಇಷ್ಟೇ: ಇಂಡಿಯವನಿಗೆ ಏನಾದರೂ ತಿಳಿಯದಿದ್ದಾಗ ಗೋಕಾಕದವಳನ್ನು ಕೇಳಲು ಅಂಜಿಕೆ ಇರುವುದಿಲ್ಲ. ಮೊದಲ ಸುತ್ತಿಗೆ ಅದೇ ದೊಡ್ಡದು. ಎರಡನೇ ಸುತ್ತಿನಲ್ಲಿ ನಾಲ್ಕು ನಾಲ್ಕು ಮಂದಿಯ ಮೂರು ಬಳಗ ಮಾಡಿ ಆರು ವಾರ ಅದೇ ಬಳಗ ಇರಲಿ. ಸಣ್ಣ ಕೆಲಸವೊಂದನ್ನು ಬಳಗಕ್ಕೇ ಒಪ್ಪಿಸು. ಕೈಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ, ಮಾತಾಡಲೆಂದೇ ಕೂಡಿಸಿದರೆ ಬಾಯಿ ಒಣಗುತ್ತದೆ.

ಹೊಸ ನಾಲ್ವರಿಗೆ ಇದಷ್ಟೇ ಸಾಲದು. ಒಬ್ಬೊಬ್ಬರಿಗೆ ಒಬ್ಬ ಹಳಬರನ್ನು ಗಂಟು ಹಾಕು, ಅವರ ಮೇಲಧಿಕಾರಿ ಅಲ್ಲದವರನ್ನು. ಮೊದಲ ಎರಡು ವಾರ ದಿನಾ 15 ನಿಮಿಷ, ಆಮೇಲಿನ ಒಂದು ತಿಂಗಳು ವಾರಕ್ಕೆರಡು ಸಲ. ಜೊತೆಗೆ ಒಂದು ಪುಟದ ಪಟ್ಟಿ: ಹೆಸರು, ಊರು, ಯಾವುದಕ್ಕೆ ಯಾರನ್ನು ಕೇಳಬೇಕು, ಯಾರಿಗೆ ಯಾವ ಹೊತ್ತು ಬೇಡ, ಮುಖ್ಯವಾಗಿ ಯಾರನ್ನು ಏನಂತ ಕರೆಯಬೇಕು. ಸರ್ ಅನ್ನಬೇಕೋ, ಅಣ್ಣಾರ ಅನ್ನಬೇಕೋ, ಹೆಸರಿಗೆ ರೀ ಹಚ್ಚಿದರೆ ಸಾಕೋ ತಿಳಿಯದೆ ಹೊಸಬರು ತಿಂಗಳುಗಟ್ಟಲೆ ಯಾರನ್ನೂ ಮಾತಾಡಿಸದೆ ಕೂರುತ್ತಾರೆ. ಆಫೀಸಿನಲ್ಲಾದರೆ ಮೊದಲ ದಿನ ಮಧ್ಯಾಹ್ನದ ಒಳಗೆ ಇದು ಗೊತ್ತಾಗಿಬಿಡುತ್ತಿತ್ತು.

ಆಫೀಸಿನ ಆ್ಯಪಿನಲ್ಲೇ ಹರಟೆಗೆ "ಕಟ್ಟಿ" ಅಂತ ಬೇರೆ ಗುಂಪು ಇರಲಿ, ನೀನು ಅದರಲ್ಲಿ ಇರಬೇಡ. ಗುಡ್ ಮಾರ್ನಿಂಗ್ ಚಿತ್ರ, ಔಷಧಿಯ ಫಾರ್ವರ್ಡ್, ಆಫೀಸಿನ ಕೆಲಸ ಮೂರೂ ನಿಷಿದ್ಧ. ವಾರಕ್ಕೆ ಎರಡೇ ಎರಡು ವಿಷಯ. ಒಂದು ದಿನ ಕಿಟಕಿಯ ಫೋಟೋ. ಒಂದೇ ಹೊತ್ತಿಗೆ ಖಾನಾಪುರದ ಜಿಟಿಜಿಟಿ ಮಳೆ, ಇಂಡಿಯ ಬಿಸಿಲು ಎರಡೂ ಬಂದಾವು. ಇನ್ನೊಂದು ದಿನ ಅರ್ಧ ನಿಮಿಷದ ಸಪ್ಪಳ; ಇಳಕಲ್ಲಿನ ಮಗ್ಗದ ಖಟಪಟ ಇನ್ಯಾರಿಗೆ ಸಿಗಬೇಕು? ಕಾರ ಹುಣ್ಣಿಮೆ ಇದೇ 24ಕ್ಕೆ ಬಂತು. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮನೆ ಮಕ್ಕಳು ಮಾಡಿದ ಎತ್ತಿನ ಫೋಟೋ ಹಾಕಿರಿ ಅಂದರೆ ಯಾರೂ ಹೇಳಿಸಿಕೊಳ್ಳದೆ ಹಾಕುತ್ತಾರೆ. ತಿನಿಸು ಕಳಿಸುವ ಯೋಚನೆ ಇದ್ದರೆ ಬೆಳಗಾವಿಯ ಕುಂದಾ ಬೇಡ, ಹಾಲಿನದು, ದಾರಿಯಲ್ಲೇ ಕೆಡುತ್ತದೆ. ಬೆಳಗಾವಿ ಜಿಲ್ಲೆಗಂತೂ ಲಾಕ್‌ಡೌನ್ ಇನ್ನೂ ಸಡಿಲಾಗಿಲ್ಲ. ಅಮೀನಗಡದ ಕರದಂಟು ತಲೆಗೆ ಕಾಲು ಕಿಲೋ, ಒಟ್ಟು ಮೂರು ಕಿಲೋ. ಮನೆಯಲ್ಲಿ ಚಟ್ನಿಪುಡಿ ಕುಟ್ಟಿ ಒಬ್ಬರಿಗೊಬ್ಬರು ಕಳಿಸಿಕೊಳ್ಳಿ ಅನ್ನುವ ಜಾಣತನ ಮಾತ್ರ ಮಾಡಬೇಡ. ಕುಟ್ಟುವವರು ನಿನ್ನ ತಂಡದ ಪಗಾರ ತಗೊಳ್ಳುವವರಲ್ಲ.

ಕಡೆಗೆ, ಬರೆಯಲು ಕೈ ಹಿಂಜರಿಯುವ ಮಾತು. ಕೊರೊನಾದ ಈ ಎರಡನೇ ಅಲೆಯಲ್ಲಿ ಸಾವು ಕಾಣದ ಓಣಿ ಇಲ್ಲ. ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ನಮ್ಮ ಪದ್ಧತಿ. ಹೋಗಿ ಸುಮ್ಮನೆ ಕೂತು ಎದ್ದು ಬಂದರೂ ಅದು ಮಾತಾಡಿಸಿದ್ದೇ. ಈಗ ಹೋಗಲಾಗದು. ತಂಡದಲ್ಲಿ ಯಾರಿಗಾದರೂ ಹೀಗಾದರೆ ಮೊದಲ ದಿನ ಒಬ್ಬರೇ ಫೋನ್ ಮಾಡಲಿ, ಹನ್ನೆರಡು ಮಂದಿ ಸಾಲಾಗಿ ಅಲ್ಲ. ಗುಂಪಿನಲ್ಲಿ ಕೈಮುಗಿದ ಚಿತ್ರಗಳ ರಾಶಿ ಬೇಡ. ಏನಾಯಿತು, ಯಾವ ಆಸ್ಪತ್ರೆ, ಆಕ್ಸಿಜನ್ ಎಷ್ಟಿತ್ತು ಅಂತ ಕೇಳಬಾರದು. "ನಿಮ್ಮ ಇಂತಿಂಥಾ ಕೆಲಸಾ ಇಂಥವ್ರು ನೋಡ್ಕೊಳ್ತಾರ, 30ನೇ ತಾರೀಖಿನ ತನಕ ನೀವು ಕಂಪ್ಯೂಟರ್ ತೆಗಿಯೂದು ಬ್ಯಾಡ" ಅಂತ ಹೆಸರು, ತಾರೀಖು ಸಮೇತ ಹೇಳಬೇಕು. "ಏನರ ಬೇಕಾದ್ರ ಹೇಳ್ರಿ" ಅನ್ನುವುದು ಸುಲಭ, ದುಃಖದಲ್ಲಿದ್ದವರು ಏನನ್ನೂ ಕೇಳುವುದಿಲ್ಲ. ದಿನಕರ್ಮ ಮುಗಿದು ನೆಂಟರು ಹೊರಟ ಮೇಲೆ ಮನೆ ಬಿಕೋ ಅನ್ನುತ್ತದೆ, ಎಲ್ಲರ ಫೋನೂ ನಿಲ್ಲುವುದು ಅದೇ ಹೊತ್ತಿಗೆ. ಆದ್ದರಿಂದ ಒಂದು ತಿಂಗಳಿಗೆ, ಮತ್ತೆ ಮೂರು ತಿಂಗಳಿಗೆ ಒಂದೊಂದು ಕರೆ ಅಂತ ಇವತ್ತೇ ಕ್ಯಾಲೆಂಡರಿನಲ್ಲಿ ಹಾಕಿಡು. ನಿದ್ದೆ, ಊಟ ಬಿಟ್ಟವರಿದ್ದರೆ ನಿಮ್ಹಾನ್ಸ್ ನಡೆಸುವ ಸಹಾಯವಾಣಿಯ ನಂಬರ್ ಕೊಡು.

ನಡೆದಿದೆಯೋ ಇಲ್ಲವೋ ತಿಳಿಯಲು ಸರ್ವೇ ಫಾರ್ಮ್ ಹಂಚಬೇಡ. ಆರನೇ ವಾರ ಆಫೀಸಿನ ಗುಂಪು ತೆಗೆದು ನೋಡು: ಯಾರೋ ಕೇಳಿದ ಪ್ರಶ್ನೆಗೆ ನಿನಗಿಂತ ಮೊದಲು ಎಷ್ಟು ಸಲ ಬೇರೆಯವರು ಉತ್ತರ ಕೊಟ್ಟಿದ್ದಾರೆ ಎಣಿಸು. ಈ ವಾರದ ಲೆಕ್ಕವನ್ನೂ ಬರೆದಿಡು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಮೊದಲ ವಾರದ ಪಟ್ಟಿ ಶುಕ್ರವಾರದೊಳಗೆ ಹೋಗಲಿ. 24 ಗುರುವಾರ ಹಬ್ಬ, ಅವತ್ತು ಯಾವ ಜೋಡಿಯನ್ನೂ ಹಾಕಬೇಡ.

ಇಂತಿ ನಿನ್ನ
ಗೆಳೆಯ