ಔಷಧ ಟ್ರಯಲ್‌ಗೆ ಸಹಿ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋದಾಗ ‘ಹೊಸ ಔಷಧದ ಟ್ರಯಲ್‌ಗೆ ಸೇರ್ತೀರೇನ್ರಿ?’ (ಅಂದರೆ ಔಷಧವನ್ನು ಜನರ ಮೇಲೆ ಪರೀಕ್ಷಿಸುವ ಪ್ರಯೋಗಕ್ಕೆ) ಎಂದು ಕೇಳಿದರೆ ಗಾಬರಿ ಬೇಡ, ಅವಸರವೂ ಬೇಡ. ಮೊದಲು ಆ ಟ್ರಯಲ್‌ನ ಸಿಟಿಆರ್‌ಐ (ದೇಶದ ಔಷಧ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೇಳಿ. 2009ರ ಜೂನ್ 15ರಿಂದ ಈ ನೋಂದಣಿ ಕಡ್ಡಾಯ. ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಯಾವ ರೋಗಕ್ಕೆ, ಯಾವ ವಯಸ್ಸಿನವರಿಗೆ, ಯಾವ ಆಸ್ಪತ್ರೆಯಲ್ಲಿ ಎಂಬುದೆಲ್ಲ ಸಿಗುತ್ತದೆ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ. ಮನೆಯವರ ಜೊತೆ ಓದಿ, ಆಮೇಲೆ ಸಹಿ. ಒಂದು ಪ್ರತಿ ನಿಮಗೆ ಕೊಡಲೇಬೇಕು. ಕೆಲವು ಟ್ರಯಲ್‌ಗಳಲ್ಲಿ ಅರ್ಧ ಜನಕ್ಕೆ ಹಳೇ ಔಷಧವೋ, ಔಷಧವೇ ಇಲ್ಲದ ಗುಳಿಗೆಯೋ ಬರುತ್ತದೆ. ಇದನ್ನು ಸುಮ್ನೆ ಬಿಡದೆ ಕೇಳಿ, ಜಾಸ್ತಿ ಜನ ಕೇಳುವುದೇ ಇಲ್ಲ. ನಡುವೆ ಬೇಡ ಅನ್ನಿಸಿದರೆ ಬಿಡಬಹುದು. ಪ್ರಯೋಗದಿಂದ ತೊಂದರೆಯಾದರೆ ಔಷಧ ಟ್ರಯಲ್‌ಗಳ ಕುರಿತ ಕೇಂದ್ರ ಸರ್ಕಾರದ 2019ರ ನಿಯಮದಂತೆ ಚಿಕಿತ್ಸೆ ಉಚಿತ.

ಹಾಂ, ಈಗ ನುಂಗುತ್ತಿರುವ ಶುಗರ್, ಬಿಪಿ ಗುಳಿಗೆ, ನಾಟಿ ಔಷಧ ಯಾವುದನ್ನೂ ಡಾಕ್ಟರ್ ಹತ್ತಿರ ಮುಚ್ಚಿಡಬೇಡ್ರಿ.