ಗೆಳೆಯನಿಗೊಂದು ಪತ್ರ: ಆ ಪ್ಲಗ್ ಈಗಲೇ ಹಾಕಬೇಡ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಹಳೇ ಕಲರ್ ಟಿವಿಯ ಫೋಟೋ ನೋಡಿದೆ. ಮರದ ಕ್ಯಾಬಿನೆಟ್ಟು, ಟಕ್ ಟಕ್ ಅಂತ ತಿರುಗುವ ಚಾನೆಲ್ ಗುಂಡಿ, ಹಿಂದುಗಡೆ ಆ ಗೂನುಬೆನ್ನು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೆಳಗೆ ‘ಭಾನುವಾರ ಪ್ಲಗ್ ಹಾಕಿ ನೋಡ್ತೀನಿ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಹಾಕಬೇಡ ಮಾರಾಯ.

ವರ್ಷಗಟ್ಟಲೆ ಮಲಗಿದ ಸೆಟ್ಟಿನಲ್ಲಿ ಚಾರ್ಜು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ಆಕ್ಸೈಡ್ ಪದರ ಸವೆದಿರುತ್ತದೆ. ಒಮ್ಮೆಲೇ ಪೂರ್ತಿ ಕರೆಂಟ್ ಕೊಟ್ಟರೆ ಅವು ಕಾದು ಉಬ್ಬಿ ಒಡೆಯುತ್ತವೆ. ಅಷ್ಟೇ ಆದರೆ ಸರಿ, ಕೆಪಾಸಿಟರ್ ಹೊಸದು ಸಿಗುತ್ತದೆ. ಜೊತೆಗೆ ಎಲ್‌ಓಟಿಯೂ, ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಹುಟ್ಟಿಸುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ, ಸುಟ್ಟುಹೋದರೆ ಅದೇ ಮಾಡೆಲ್ಲಿನ ಇನ್ನೊಂದನ್ನು ಹುಡುಕುವುದರಲ್ಲೇ ನಿನ್ನ ಆಯಸ್ಸು ಮುಗಿಯುತ್ತದೆ.

ಇನ್ನು ಪಿಕ್ಚರ್ ಟ್ಯೂಬು. ನನ್ನ ಮೊದಲ ಸೆಟ್ಟಿನ ಕತೆ ನಿನಗೆ ಪೂರ್ತಿ ಹೇಳಿರಲಿಲ್ಲ, ನಾಚಿಕೆಯಾಗಿ. ಟಿವಿ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬಿಗೆ ಹೈ ವೋಲ್ಟೇಜ್ ಹೋಗುವ ಆನೋಡ್ ಕ್ಯಾಪಿನ ರಬ್ಬರಿನಡಿ, ಉಳಿದ ಚಾರ್ಜು ಇಳಿಸುವ ಡಿಸ್ಚಾರ್ಜ್ ಕಡ್ಡಿ ತೂರಿಸಿದ್ದೆ. ‘ಚಟ್’ ಅಂತ ಸದ್ದು ಬಂತು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಫೋನ್ ಬಂತು, ಹತ್ತು ನಿಮಿಷ ಮಾತಾಡಿ ವಾಪಸ್ ಬಂದು ಕ್ಯಾಪಿಗೆ ಸೀದಾ ಕೈ ಹಾಕಿದೆ. ಹೊಡೆಯಿತು. ಹೊಡೆತ ಅಂಥ ದೊಡ್ಡದೇನಲ್ಲ. ಕೈ ತಾನಾಗಿ ಹಿಂದಕ್ಕೆ ಹಾರಿ ಟ್ಯೂಬಿನ ಕತ್ತಿಗೆ ಬಡಿಯಿತು ನೋಡು, ಅಲ್ಲಿ ಕೆಟ್ಟಿತು. ‘ಟಿಕ್’ ಅಂದಿತು, ಆಮೇಲೆ ಸುಂಯ್ ಅಂತ ಗಾಳಿ ಒಳಗೆ ಹೋಗುವ ಸದ್ದು. ಕತ್ತಿನ ಗಾಜಿನೊಳಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಬೆಳ್ಳಿ ಬಣ್ಣದ ಗೆಟರ್, ಅಂದರೆ ಉಳಿದ ಗಾಳಿಯನ್ನು ಹೀರುವ ಲೋಹದ ಲೇಪ, ನನ್ನ ಕಣ್ಣೆದುರೇ ಹಾಲಿನಂತೆ ಬೆಳ್ಳಗಾಗುತ್ತಾ ಹೋಯಿತು. ಚೆನ್ನಾಗಿದ್ದ ಟ್ಯೂಬು ಹೆಣವಾಯಿತು.

ಯಾಕೆ ಹೀಗಾಯಿತು ಅಂತ ಆಮೇಲೆ ಅರ್ಥವಾಯಿತು. ಟ್ಯೂಬಿನ ಗಾಜಿನ ಒಳಗೂ ಹೊರಗೂ ಗ್ರಾಫೈಟ್ ಲೇಪ ಇರುತ್ತದೆ. ಅಂದರೆ ಟ್ಯೂಬೇ ಒಂದು ದೊಡ್ಡ ಕೆಪಾಸಿಟರು. ಕಲರ್ ಸೆಟ್ಟಿನಲ್ಲಿ ಅದರ ಮೇಲೆ ಸುಮಾರು 25,000 ವೋಲ್ಟ್ ಕೂತಿರುತ್ತದೆ. ಒಂದು ಸಲ ಖಾಲಿ ಮಾಡಿದರೂ ಗಾಜು ಹೀರಿಕೊಂಡಿದ್ದ ಚಾರ್ಜು ಮೆಲ್ಲಗೆ ಹೊರಗೆ ಬರುತ್ತದೆ, ಹಿಂಡಿ ಹರವಿದ ಬಟ್ಟೆಯ ಅಂಚಿನಲ್ಲಿ ಮತ್ತೆ ನೀರು ಇಳಿದು ನಿಲ್ಲುವ ಹಾಗೆ. ಅದಕ್ಕೇ ಈಗ ಮೂರು ಸಲ ಡಿಸ್ಚಾರ್ಜ್ ಮಾಡುತ್ತೇನೆ, ಮಧ್ಯೆ ಕೆಲವು ನಿಮಿಷ ಬಿಟ್ಟು. ಮುಟ್ಟುವ ಮುಂಚೆ ಇನ್ನೊಂದು ಸಲ. ಕಡ್ಡಿಯ ತಂತಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದುಹೋಗುವ ಹೆಣೆದ ತಂತಿಗೇ ಕ್ಲಿಪ್ ಮಾಡು. ಚಾಸಿಯಲ್ಲಿ, ಅಂದರೆ ಸೆಟ್ಟಿನ ಲೋಹದ ಚೌಕಟ್ಟಿನಲ್ಲಿ, ಸಿಕ್ಕ ಜಾಗಕ್ಕೆ ಕೊಟ್ಟರೆ ಆ ಕಿಡಿ ಟ್ರಾನ್ಸಿಸ್ಟರುಗಳ ಮೂಲಕ ಓಡಿ ಅವನ್ನು ಕೊಲ್ಲುತ್ತದೆ. ಮಧ್ಯದಲ್ಲಿ ಹೈ ವೋಲ್ಟೇಜ್ ರೆಸಿಸ್ಟರ್ ಇರಲಿ. ಉಂಗುರ, ವಾಚು ತೆಗೆದಿಡು. ಎಡಗೈ ಬೆನ್ನ ಹಿಂದೆ. ಕಣ್ಣಿಗೆ ಕನ್ನಡಕ ಹಾಕು, ಒಳಗೆ ನಿರ್ವಾತ ಇರುವ ಗಾಜು ಅದು.

ನಿನ್ನದು ಟ್ರಾನ್ಸಿಸ್ಟರ್ ಸೆಟ್ಟು ಅಂತ ಕಾಣುತ್ತದೆ. ಹಾಗಿದ್ದರೆ ಚಾಸಿಯೇ ಮೇನ್ಸಿಗೆ ನೇರ ಸೇರಿರುವ ಸಾಧ್ಯತೆ ಹೆಚ್ಚು. ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದಕ್ಕೆ ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಅರ್ತ್ ಕ್ಲಿಪ್ ಸಿಕ್ಕಿಸಿದೆಯೋ, ಪಟಾಕಿ. ಟ್ರಾನ್ಸ್‌ಫಾರ್ಮರ್ ಇದೆ ಅಂತ ಧೈರ್ಯವಾಗಿ ಎರಡು ಕೈಯನ್ನೂ ಒಳಗೆ ಹಾಕಬೇಡ. ಎರಡು ಬಿಂದುಗಳ ನಡುವೆ ಸಿಕ್ಕಿಕೊಂಡವನನ್ನು ಅದು ಕಾಯುವುದಿಲ್ಲ. ಮುಖ್ಯ ಫಿಲ್ಟರ್ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಡಿಸಿ ನಿಂತಿರಬಹುದು. ಅದನ್ನೂ ಇಳಿಸಿ, ಮೀಟರ್ ಹಿಡಿದು ನೋಡಿಯೇ ಬೆಸುಗೆ ಹಾಕು.

ಮೊದಲ ಸಲ ಕರೆಂಟ್ ಕೊಡುವಾಗ 100 ವ್ಯಾಟಿನ ಹಳೇ ತಂತಿ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕು. ಟ್ಯೂಬಿಗೆ ಅಂಟಿದ ಕಾಂತತೆ ಅಳಿಸುವ ಡಿಗಾಸಿಂಗ್ ಕಾಯಿಲ್ ಶುರುವಿಗೆ ಕರೆಂಟ್ ಎಳೆಯುವುದರಿಂದ ಬಲ್ಬು ಒಮ್ಮೆ ಝಗ್ಗನೆ ಹೊತ್ತಿ ಮಂಕಾಗಬೇಕು. ಮಂಕಾಗದೆ ಹಾಗೇ ಉರಿದರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡು. ವೋಲ್ಟೇಜ್ ಏರಿಳಿಸುವ ವೇರಿಯಾಕಿನಲ್ಲಿ ನಿಧಾನಕ್ಕೆ ಏರಿಸು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕರೆಂಟನ್ನು ಕ್ಷಣಕ್ಷಣಕ್ಕೂ ಆನ್-ಆಫ್ ಮಾಡಿ ವೋಲ್ಟೇಜ್ ಹಿಡಿದಿಡುವ ಸ್ವಿಚ್ ಮೋಡ್ ಸಪ್ಲೈ ಇದ್ದರೆ ಆ ಮಾತು ಕೇಳಬೇಡ, ಕಡಿಮೆ ವೋಲ್ಟೇಜಿನಲ್ಲಿ ಅದು ಹೆಚ್ಚು ಕರೆಂಟ್ ಎಳೆದು ತನ್ನನ್ನೇ ಸುಟ್ಟುಕೊಳ್ಳಬಹುದು.

ಒಂದು ಬಿಡಿಭಾಗದ ವಿಷಯದಲ್ಲಿ ಮಾತ್ರ ನಾನು ತೀರಾ ಮಡಿವಂತ. ಎಲ್‌ಓಟಿಯನ್ನು ಓಡಿಸುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಪಕ್ಕ ಕೂತಿರುವ ಆ ಟ್ಯೂನಿಂಗ್ ಕೆಪಾಸಿಟರು. ಅದರ ಬೆಲೆ ಕಡಿಮೆಯಾದರೆ, ಬೆಲೆ ಅಂದರೆ ದುಡ್ಡಲ್ಲ, ಮೈಕ್ರೋಫ್ಯಾರಡ್ ಲೆಕ್ಕದ್ದು, ಇಎಚ್‌ಟಿ, ಅಂದರೆ ಟ್ಯೂಬಿಗೆ ಹೋಗುವ ಆ ಹೈ ವೋಲ್ಟೇಜು, ಮೇಲಕ್ಕೇರುತ್ತದೆ. ಕೈಗೆ ಸಿಕ್ಕಿದ್ದನ್ನು ತುರುಕುವ ಜಾಗವಲ್ಲ ಅದು. ಅದೇ ಬೆಲೆಯ, ಅಷ್ಟೇ ಅಥವಾ ಹೆಚ್ಚು ವೋಲ್ಟೇಜ್ ತಡೆಯುವ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕು. ಇಎಚ್‌ಟಿ ಏರಿದರೆ ಬರೀ ಕಿಡಿಯ ಭಯವಲ್ಲ, ಎಕ್ಸ್-ರೇ ಭಯವೂ ಇದೆ. 1967ರಲ್ಲಿ ಅಮೆರಿಕದಲ್ಲಿ ಸಾವಿರಾರು ಕಲರ್ ಟಿವಿಗಳಿಂದ ಮಿತಿ ಮೀರಿ ಎಕ್ಸ್-ರೇ ಸೋರುತ್ತಿದ್ದದ್ದು ಗೊತ್ತಾಗಿ, ಮರುವರ್ಷವೇ ಅದಕ್ಕೊಂದು ಕಾನೂನು ಬಂತು. ಅವು ಟ್ರಾನ್ಸಿಸ್ಟರಿಗಿಂತ ಮುಂಚಿನ ಗಾಜಿನ ವಾಲ್ವ್ ಸೆಟ್ಟುಗಳು, ವೋಲ್ಟೇಜ್ ಹಿಡಿತದಲ್ಲಿಡುವ ವಾಲ್ವಿನಲ್ಲೇ ತೊಂದರೆ ಇತ್ತು. ಮುಂದೆ ಅಂಥ ಸೆಟ್ಟು ಸಿಕ್ಕರೆ ಇಎಚ್‌ಟಿ ಪೆಟ್ಟಿಗೆಯ ಲೋಹದ ಮುಚ್ಚಳ ತೆಗೆದು ಓಡಿಸಬೇಡ.

ಕಲರ್ ಸೆಟ್ಟಿನ ನಿಜವಾದ ಮಜಾ ಕನ್ವರ್ಜೆನ್ಸಿನಲ್ಲಿದೆ. ಬಿಳಿ ಚುಕ್ಕೆಯೊಂದು ಕೆಂಪು, ಹಸಿರು, ನೀಲಿ ಮೂರಾಗಿ ಚದುರಿರುತ್ತದೆ. ಹೊಂದಾಣಿಕೆಯ ತಿರುಪುಗಳನ್ನು ತಿರುಗಿಸುತ್ತಾ ತಿರುಗಿಸುತ್ತಾ ಮೂರೂ ಒಂದರೊಳಗೊಂದು ಸೇರಿ ಬೆಳ್ಳಗಾದ ಗಳಿಗೆಯಿದೆಯಲ್ಲ, ಅದಕ್ಕಾಗಿ ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಆದರೆ ಟಿವಿ ಆನ್ ಇರುವಾಗಲೇ ಮಾಡಬೇಕಾದ ಕೆಲಸ ಅದು. ಎದುರಿಗೊಂದು ಕನ್ನಡಿ ಇಟ್ಟುಕೋ, ಪರದೆ ನೋಡಲು ಸೆಟ್ಟಿನ ಮೇಲೆ ಬಗ್ಗುವುದು ತಪ್ಪುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಕಡ್ಡಿ ಇರಲಿ. ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಮಾತ್ರ ಮಾಡು, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ತೋರಿಸಿಟ್ಟಿರು.

ಭಾನುವಾರ ಇಷ್ಟು ಮಾಡು ಸಾಕು. ಹಿಂಬದಿ ಮುಚ್ಚಳ ತೆಗೆದು, ಒಳಗೆ ಕೈ ಹಾಕದೆ, ಟ್ಯೂಬಿನ ಕತ್ತಿನ ಮೇಲೆ ಟಾರ್ಚ್ ಬಿಡು. ಬೆಳ್ಳಿ ಕಾಣುತ್ತದೋ, ಹಾಲುಬಿಳುಪೋ ಅಂತ ಬರೆ. ಏನೂ ಕಾಣದಿದ್ದರೆ ಗಾಬರಿಯಾಗಬೇಡ, ಎಷ್ಟೋ ಕಲರ್ ಟ್ಯೂಬುಗಳಲ್ಲಿ ಗೆಟರ್ ಆ ಗ್ರಾಫೈಟಿನ ಹಿಂದೆ ಅಡಗಿರುತ್ತದೆ. ಬೋರ್ಡಿನ ಫೋಟೋ ನಾಲ್ಕು ಕಡೆಯಿಂದ ತೆಗೆದು ಕಳಿಸು, ಧೂಳು ಒರೆಸುವ ಮುಂಚೆ.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ಗೆಳೆಯ